ಮೆತ್ತನೆಯ ಎಲುಬು

ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು. ಹೋಗಬೇಡ ಎಂದು ಬಸ್ಸು ಬನಹಟ್ಟಿ ಬಿಟ್ಟಾಗಿನಿಂದ ಅಲಕಾ ಅದಕ್ಕೆ ಹೇಳುತ್ತಲೇ ಇದ್ದಾಳೆ. ಶಾಲೆಯ ಮಕ್ಕಳನ್ನು ಜೀವಮಾನವಿಡೀ ಬರೀ ಕಣ್ಣಲ್ಲಿ ಗದರಿಸಿ ಕೂಡಿಸಿದವಳಿಗೆ ಸ್ವಂತ ಬಾಯೊಳಗಿನ ನಾಲಿಗೆಯನ್ನು ಸುಮ್ಮನೆ ಕೂಡಿಸಲು ಆಗುತ್ತಿಲ್ಲ. ಮೇಲಿನ ಸಾಲಿನ ಎಡಗಡೆ, ದವಡೆ ಹಲ್ಲು ಇದ್ದ ಜಾಗದಲ್ಲಿ, ಒಸಡಿನಿಂದ ಚೂರೇ ಹೊರಗೆ ಇಣುಕುವ ಒಂದು ಲೋಹದ ಮುಚ್ಚಳ. ಅದರ ಮೇಲೆ, ಕಾಣದ ಕಡೆ, ಎಲುಬಿನೊಳಗೆ ಹೂತ ಸ್ಕ್ರೂ. ಅದು ಗಟ್ಟಿಯಾಗಿ ಕುಳಿತ ಮೇಲೆ ಅದಕ್ಕೊಂದು ಹಲ್ಲು ಹಾಕುತ್ತಾರೆ. ಕುಳಿತಿದೆಯೋ ಇಲ್ಲವೋ ಇವತ್ತು ಜಮಖಂಡಿಯಲ್ಲಿ ತಿಳಿಯುತ್ತದೆ. ನಾಲಿಗೆ ಮುಚ್ಚಳವನ್ನು ಒಮ್ಮೆ ಒಳಗಿನಿಂದ, ಒಮ್ಮೆ ಕೆನ್ನೆಯ ಕಡೆಯಿಂದ ತಳ್ಳಿತು. ಅಲುಗಿತೇ? ಅಥವಾ ಅಲುಗಿದ್ದು ಬಸ್ಸೇ? ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ರಸ್ತೆ ತುಂಬ ಹರಡಿಕೊಂಡು ಹೊರಟಿತ್ತು. ಬಸ್ಸು ಅದರ ಬೆನ್ನಿಗೆ ತೆವಳುತ್ತಿತ್ತು. ಪಕ್ಕದ ಸೀಟಿನ ಮುದುಕ ಕಬ್ಬಿನ ತುಂಡೊಂದನ್ನು ಬಾಯಿಗೆ ಅಡ್ಡ ಹಿಡಿದು ಸರ್ರನೆ ಸಿಪ್ಪೆ ಸೀಳಿದ. ಅಲಕಾ ಅವನ ದವಡೆಯನ್ನೇ ನೋಡುತ್ತ ಕುಳಿತಳು. ಈಗೀಗ ಯಾರ ಮುಖ ಕಂಡರೂ ಅವಳಿಗೆ ಚರ್ಮದ ಹಿಂದಿನ ಎಲುಬಿನ ಮೇಲೆಯೇ ಧ್ಯಾನ. ಈ ಮುದುಕನದು ಗಟ್ಟಿ ಇರಬೇಕು, ಎಂಥ ಸ್ಕ್ರೂ ಹಾಕಿದರೂ ಹಿಡಿದೀತು. ಮುದುಕ ಅವಳ ನೋಟವನ್ನು ತನ್ನದೇ ರೀತಿಯಲ್ಲಿ ತಿಳಿದುಕೊಂಡು ಕಬ್ಬಿನ ಇನ್ನೊಂದು ತುಂಡನ್ನು ಮುಂದೆ ಚಾಚಿದ. "ತಗೋರಿ ಯವ್ವಾ, ಸವಿ ಅದಾವು." ಅವಳು ಕೆನ್ನೆ ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದಳು. ಬಾಯಲ್ಲಿ ನೀರೂರಿಸಿಕೊಂಡು ನೋಡುತ್ತಿದ್ದಾಳೆ ಅಂದುಕೊಂಡನಲ್ಲ ಎಂದು ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದಳು.

ಎಲುಬಿನ ಈ ಹುಚ್ಚು ಹಿಡಿಸಿದ್ದು ರಾಜಶ್ರೀ. ಬನಹಟ್ಟಿಯ ನೇಕಾರರ ಹುಡುಗಿ, ಅಲಕಾಳ ಕೈಯಲ್ಲೇ ಅಕ್ಷರ ಕಲಿತವಳು, ಈಗ ಜಮಖಂಡಿಯಲ್ಲಿ ಹಲ್ಲಿನ ಡಾಕ್ಟರು. ಮೊದಲ ದಿನ ಸ್ಕ್ಯಾನಿನ ಚಿತ್ರವನ್ನು ಕಂಪ್ಯೂಟರಿನ ಮೇಲೆ ದೊಡ್ಡದು ಮಾಡಿ ತೋರಿಸಿದ್ದಳು. ತನ್ನ ತಲೆಯೊಳಗೆ ಇಷ್ಟು ಖಾಲಿ ಜಾಗ ಇದೆಯೆಂದು ಅಲಕಾಳಿಗೆ ಆವತ್ತೇ ಗೊತ್ತಾದದ್ದು. "ಎಲ್ಲಾ ಕಡೆ ಎಲುಬು ಒಂದ ನಮೂನಿ ಇರೂದಿಲ್ರಿ ಅಕ್ಕೋರ. ಕೆಳದವಡಿ ಮುಂದಿಂದು ಜಾಲಿ ಕಟಗಿ ಇದ್ದಂಗ. ಮ್ಯಾಲಿನ ದವಡಿ ಹಿಂದಿಂದು ಬೆಂಡ ಇದ್ದಂಗ, ಮೆತ್ತಗ. ನಿಮ್ದು ಅದಕ್ಕಿಂತಾ ಮೆತ್ತಗೈತಿ." ಮೆತ್ತಗಿದ್ದರೆ? "ಮೆತ್ತಗಿದ್ರ ಸ್ಕ್ರೂ ಉದ್ದ ಇರಬೇಕು, ಇಲ್ಲಾ ದಪ್ಪ ಇರಬೇಕು, ಅಂದ್ರ ಹಿಡತ ಸಿಗತೈತಿ. ಉದ್ದ ಹಾಕೂಣಂದ್ರ ಮ್ಯಾಲ ಮೂಗಿನ ಬಾಜೂಕ ಪೊಳ್ಳ ಜಾಗಾ ಐತಿ, ಅದರಾಗ ಹೊಕ್ಕೊಂಡ ಹೋಗಬಾರದು. ದಪ್ಪ ಹಾಕೂಣಂದ್ರ ಗಲ್ಲದ ಕಡೆ ಎಲುಬಿನ ಗ್ವಾಡಿ ತೆಳ್ಳಗ ಆಗತೈತಿ." ಹಾಗಾದರೆ ಗಟ್ಟಿ ಎಲುಬಿನವರೇ ಪುಣ್ಯವಂತರು ಎಂದಿದ್ದಳು ಅಲಕಾ. ಅದೂ ಅಲ್ಲವಂತೆ, ತೀರ ಗಟ್ಟಿ ಎಲುಬಿನಲ್ಲಿ ಬಿಗಿಯಾಗಿ ತಿರುವಿದರೆ ಆ ಒತ್ತಡಕ್ಕೇ ಸುತ್ತಲಿನ ಎಲುಬು ರಕ್ತವಿಲ್ಲದೆ ಸಾಯುತ್ತದಂತೆ. ಸಾಯುತ್ತದೆ ಅಂದರೆ ಬದುಕಿರುತ್ತದೆ ಎಂದಾಯಿತು. ಎಲುಬು ಅಂದರೆ ಮನೆಯ ಕಂಬವಿದ್ದಂತೆ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದು ಮಕ್ಕಳಿಂದ ಕೂಗಿಸಿದವಳು ಅವಳು. ಈಗ ಕೇಳಿದರೆ ಅದು ದಿನವೂ ಒಂದು ಕಡೆ ಕರಗುತ್ತದೆ, ಇನ್ನೊಂದು ಕಡೆ ಕಟ್ಟಿಕೊಳ್ಳುತ್ತದೆ. "ಮೊದಲಿನ ಹಿಡತ ಸ್ಕ್ರೂದು, ಆಮ್ಯಾಲಿಂದು ಎಲುಬಿಂದು. ನಡುವ ಕೆಲವು ವಾರ ಇರತಾವ್ರಿ, ಹಳೇ ಹಿಡತ ಸಡ್ಲ ಆಗಿರತೈತಿ, ಹೊಸಾದು ಪೂರಾ ಬಂದಿರೂದಿಲ್ಲ. ಆವಾಗ ಅದನ್ನ ಮರತಬಿಡಬೇಕು. ನಾಲಿಗಿ ಸೈತ ಒಯ್ಯಬಾರದು." ಕಂಬದ ಪಾಠ ತಪ್ಪಾಗಿದ್ದಕ್ಕೆ ಅಲಕಾಳಿಗೆ ಮುಜುಗರವಾಗಿತ್ತು; ಆದರೆ ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು. ಈ ವಯಸ್ಸಿನಲ್ಲಿ ತನ್ನ ಮೂತಿಯೊಳಗೇ ಇಂಥ ಒಂದು ಕೆಲಸ ನಡೆದಿದೆ, ತನ್ನನ್ನು ಒಂದು ಮಾತೂ ಕೇಳದೆ.

ಆವತ್ತು ಇನ್ನೊಂದು ನಡೆಯಿತು, ಅದನ್ನು ನೆನೆಯಬಾರದು ಅಂದುಕೊಂಡರೂ ನೆನಪಾಗುತ್ತದೆ. ಆಸ್ಪತ್ರೆಯಲ್ಲಿ ರಾಜಶ್ರೀಯ ಕೈಕೆಳಗೆ ಅನಸವ್ವ ಎಂಬ ಹೆಂಗಸಿದ್ದಾಳೆ, ಬಂದವರಿಗೆಲ್ಲ ಮೊದಲೇ ಗೊತ್ತುಮಾಡಿದ ಪ್ರಶ್ನೆಗಳನ್ನು ಕೇಳುವುದು ಅವಳ ಕೆಲಸ. ಸಕ್ಕರೆ ಕಾಯಿಲೆ ಐತೇನ್ರಿ, ಬಿಪಿ ಐತೇನ್ರಿ, ರಕ್ತ ತೆಳ್ಳಗಾಗುವ ಗುಳಿಗೆ ತಗೋತೀರೇನ್ರಿ. ಆಮೇಲೆ, "ತಂಬಾಕ," ಎಂದಿದ್ದಳು. ರಾಜಶ್ರೀ ತಲೆ ಎತ್ತದೆಯೇ, "ಏ ಅನಸವ್ವಾ, ಅಕ್ಕೋರನ್ನ ಅದೆಲ್ಲಾ ಏನ್ ಕೇಳ್ತಿ, ಮುಂದ ನಡಿ," ಎಂದಳು. ಅನಸವ್ವ ಮುಂದೆ ನಡೆದಳು. ಅಲಕಾ ಗೋಡೆಯ ಮೇಲಿನ ಗಡಿಯಾರವನ್ನು ನೋಡುತ್ತ ಕುಳಿತಳು. ಕೇಳಿದ್ದರೆ ಏನು ಹೇಳುತ್ತಿದ್ದೆ? ಇಲ್ಲ ಎನ್ನುತ್ತಿದ್ದೆ. ಕೇಳಲಿಲ್ಲವಾದ್ದರಿಂದ ಸುಳ್ಳು ಹೇಳುವುದು ತಪ್ಪಿತು. ಹೀಗೆಂದು ಸಮಾಧಾನ ಮಾಡಿಕೊಂಡದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಶೇರಿ. ತಂಬಾಕನ್ನು ಹೆಂಚಿನ ಮೇಲೆ ಕರಿದಾಗುವಂತೆ ಸುಟ್ಟು, ಅರೆದು ಮಾಡಿದ ಪುಡಿ. ಊರಿನ ಅರ್ಧ ಹೆಂಗಸರು ಬೆಳಗಾದರೆ ಕಟ್ಟೆಯ ಮೇಲೆ ಕುಳಿತು, ತೋರುಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುತ್ತ ಅತ್ತೆಯರನ್ನು ಬೈಯುತ್ತಾರೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಅವರ್‍ಯಾರೂ ಮಡಿಯ ಮನೆಯಲ್ಲಿ ಹುಟ್ಟಿದವರಲ್ಲ, ಶಾಲೆಯಲ್ಲಿ ಆರೋಗ್ಯದ ಪಾಠ ಹೇಳುವವರಲ್ಲ. ಆಗ ಅಲಕಾಳಿಗೆ ಬೀಳಗಿ ಕಡೆಯ ಹಳ್ಳಿಯಲ್ಲಿ ಮೊದಲ ನೌಕರಿ. ಒಂದು ದಿನ ಹಲ್ಲುನೋವಿಗೆ ಗೋಡೆಗೆ ಹಣೆ ಹಚ್ಚಿ ಕುಳಿತಿದ್ದಾಗ, ಬಾಡಿಗೆ ಮನೆಯ ಒಡತಿ ಸಿದ್ದಕ್ಕ ಒಂದು ಚಿಟಿಕೆ ಕೈಗಿಟ್ಟಳು. "ತಿಕ್ಕರಿ, ಯಾರಿಗೂ ಹೇಳೂದಿಲ್ಲ ನಾ." ನೋವು ಹೋಯಿತು. ತಲೆ ಹಗುರಾಗಿ ಹಿತ್ತಿಲಿನ ಬೇವಿನ ಮರ ತುಸು ದೂರ ಸರಿದಂತಾಯಿತು. ಸಿದ್ದಕ್ಕ ಯಾರಿಗೂ ಹೇಳಲಿಲ್ಲ. ಹಲ್ಲುನೋವು ಮತ್ತೆ ಬರಲಿಲ್ಲ. ಮಶೇರಿ ಮಾತ್ರ ಉಳಿದುಕೊಂಡಿತು. ಬನಹಟ್ಟಿಯ ಅಂಗಡಿಗಳಲ್ಲಿ ಅವಳು ಎಂದೂ ಕೊಂಡವಳಲ್ಲ. ಏನಾದರೂ ನೆಪ ತೆಗೆದು ಮುಧೋಳಕ್ಕೆ ಹೋಗುತ್ತಾಳೆ, ಬಸ್‌ಸ್ಟ್ಯಾಂಡಿನ ಹೊರಗೆ ಗುರುತಿಲ್ಲದ ಅಂಗಡಿಯಲ್ಲಿ, ಕೆಲಸದವಳಿಗೆ ಬೇಕೆಂಬಂತೆ ಮುಖ ಮಾಡಿ ಕೊಂಡು, ಮುಖಕ್ಕೆ ಹಚ್ಚುವ ಕ್ರೀಮಿನ ಹಳೆಯ ಡಬ್ಬಿಯಲ್ಲಿ ತುಂಬಿಡುತ್ತಾಳೆ. ಗಂಡ ಶ್ರೀಧರರಾಯರು ಸಂಧ್ಯಾವಂದನೆಗೆ ಕೂಡುವ ಹೊತ್ತೇ ಅವಳು ಬಚ್ಚಲಿಗೆ ಹೋಗುವ ಹೊತ್ತು. ಇವಳ ಮುಖದ ಕಾಂತಿಯ ಬಗ್ಗೆ ಅವರು ಒಮ್ಮೆಯೂ ಏನೂ ಹೇಳಿಲ್ಲ, ಡಬ್ಬಿ ಮುಗಿಯುವ ವೇಗದ ಬಗ್ಗೆಯೂ ಕೇಳಿಲ್ಲ.

ಸ್ಕ್ರೂ ಹಾಕಿಸಿಕೊಂಡು ಬಂದ ದಿನ ಡಬ್ಬಿಯನ್ನು ಚೆಲ್ಲಿಬಿಡಬೇಕೆಂದಿದ್ದಳು. ಚೆಲ್ಲಲಿಲ್ಲ. ಬಲಗಡೆ ಮಾತ್ರ ತಿಕ್ಕುತ್ತೇನೆ, ಎಡಗಡೆ ಹೋಗುವುದಿಲ್ಲ ಎಂದು ತನ್ನೊಂದಿಗೇ ಒಪ್ಪಂದ ಮಾಡಿಕೊಂಡಳು. ಅದರಂತೆ ನಡೆದಳು ಕೂಡ. ಆದರೆ ತಿಕ್ಕಿ ಮುಗಿದ ಬೆರಳು ಬಾಯಿಂದ ಹೊರಗೆ ಬರುವ ಮುಂಚೆ ಒಮ್ಮೆ ಎಡಕ್ಕೆ ಹೋಗುತ್ತಿತ್ತು. ತಿಕ್ಕಲಿಕ್ಕಲ್ಲ, ನೋಡಲಿಕ್ಕೆ. ಮುಚ್ಚಳದ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತುವುದು. ಎಲುಬು ಈಗ ಏನು ಮಾಡುತ್ತಿರಬಹುದು? ಕರಗುತ್ತಿದೆಯೋ ಕಟ್ಟುತ್ತಿದೆಯೋ? ಲೋಹ ಮತ್ತು ಎಲುಬು ಒಂದನ್ನೊಂದು ಮುಟ್ಟಿದಾಗ ಮೊದಲು ಕೈ ಚಾಚುವುದು ಯಾವುದು? ತೆಂಗಿನ ಕರಟದಲ್ಲಿ ಹೆಸರುಕಾಳು ಊರಿ, ಮೊಳಕೆ ಬಂತೇ ಎಂದು ಕೆದರಿ ನೋಡಿದ ಮಕ್ಕಳಿಗೆ ಅವಳು ಏಟು ಕೊಟ್ಟದ್ದಿದೆ. ಅದು ನೆನಪಾದ ದಿನವೂ ಒತ್ತಿದಳು. ಇವತ್ತು ಬೆಳಿಗ್ಗೆ ಒತ್ತಿದಾಗ ಏನೋ ಆಯಿತು. ಅಲುಗಿತು ಎನ್ನುವಷ್ಟಲ್ಲ, ಒಪ್ಪಿಕೊಂಡಂತೆ, ಚೂರು ಬಿಟ್ಟುಕೊಟ್ಟಂತೆ. ಒಸಡು ಇರಬಹುದು. ಬೆರಳಿನ ಮೆತ್ತೆ ಇರಬಹುದು. ಬಸ್ಸಿಳಿದು, ಒಣದ್ರಾಕ್ಷಿ ವ್ಯಾಪಾರಿಯ ಅಂಗಡಿಯ ಪಕ್ಕದಲ್ಲಿ ರಾಜಶ್ರೀಯ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ಅವಳು ಅದು ಏನಿದ್ದೀತು ಎಂದು ಯೋಚಿಸುತ್ತಲೇ ಇದ್ದಳು. ಹೆದರಿಕೆಗಿಂತ ಆ ಕುತೂಹಲವೇ ಹೆಚ್ಚಾಗಿದ್ದದ್ದು ಅವಳಿಗೇ ವಿಚಿತ್ರವೆನಿಸಿತು.

ಹೊರಗಿನ ಕೋಣೆಯಲ್ಲಿ ಮುದಕಪ್ಪನೆಂಬ ದಪ್ಪ ಮೀಸೆಯ ರೈತ ಕುಳಿತಿದ್ದ. ಅವನಿಗೂ ಇವತ್ತು ಸ್ಕ್ರೂ ಹಾಕುವವರಿದ್ದಾರಂತೆ. "ಅಕ್ಕೋರ, ಬರ್‍ರಿ ಬರ್‍ರಿ," ಎಂದು ಅನಸವ್ವ ಎದ್ದುದನ್ನು ನೋಡಿ ಅವನೂ ಎದ್ದು ನಿಂತ, ಯಾರೋ ಏನೋ ತಿಳಿಯದೆಯೇ. ಹೀಗೆ ಎದ್ದು ನಿಲ್ಲುವವರನ್ನು ಕಂಡರೆ ಅಲಕಾಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹೀಗೇ ಎದ್ದು ನಿಂತು ಕೈ ಮುಂದೆ ಚಾಚುತ್ತಿದ್ದರು, ಉಗುರು ಮೇಲೆ ಮಾಡಿ. ಅವಳು ಕಟ್ಟಿಗೆಯ ಫೂಟುಪಟ್ಟಿ ಹಿಡಿದು ಸಾಲಿನ ಉದ್ದಕ್ಕೂ ನಡೆಯುತ್ತಿದ್ದಳು. ಕೊಳಕು ಕಂಡರೆ ಗೆಣ್ಣಿನ ಮೇಲೆ ಒಂದು ಪೆಟ್ಟು. "ಇನ್ನೊಂದ ಕೈ." ಅದರ ಮೇಲೂ ಒಂದು. ರಾಜಶ್ರೀಯ ಉಗುರು ಒಂದು ವಾರ ಕೆಂಪಗಿದ್ದರೆ ಒಂದು ವಾರ ನೀಲಿ. ಮನೆಯಲ್ಲಿ ಅವಳ ತಾಯಿ ಮುತ್ತವ್ವ ನೂಲಿಗೆ ಬಣ್ಣ ಹಾಕುತ್ತಿದ್ದಳು. ಹುಡುಗಿ ಅದನ್ನು ಹಿಂಡಿ ಒಣಹಾಕಿ ಶಾಲೆಗೆ ಬರುತ್ತಿತ್ತು. "ಬಣ್ಣಾರೀ ಅಕ್ಕೋರ, ಹೋಗೂದಿಲ್ರಿ," ಎಂದು ಮಗ್ಗದ ಮನೆಯ ಮಕ್ಕಳಂತೆ ಗಂಟಲು ತೆರೆದು ಹೇಳುತ್ತಿತ್ತು. ಆ ಮನೆಗಳಲ್ಲಿ ಮಗ್ಗದ ಸದ್ದಿನ ಮೇಲೆ ಕೂಗಿದರೇ ಮಾತು ಕೇಳುವುದು. "ಒದರಬ್ಯಾಡ. ತಿಕ್ಕಿದ್ರ ಎಲ್ಲಾ ಹೋಗ್ತದ. ಇನ್ನೊಂದ ಕೈ." ಆ ಹುಡುಗಿಯೇ ಈಗ ಎಷ್ಟು ತಗ್ಗಿದ ದನಿಯಲ್ಲಿ ಮಾತಾಡುತ್ತಾಳೆಂದರೆ ಕೆಲವೊಮ್ಮೆ ಅಲಕಾ ಕುರ್ಚಿಯಿಂದ ಮುಂದೆ ಬಗ್ಗಬೇಕಾಗುತ್ತದೆ. ತಾನೇ ತಗ್ಗಿಸಿದ ದನಿ ಎಂದು ಮೊದಲೆಲ್ಲ ಹೆಮ್ಮೆಯಾಗುತ್ತಿತ್ತು.

ಒಳಗೆ ಕುರ್ಚಿ ಹಿಂದಕ್ಕೆ ಬಾಗಿತು. ರಾಜಶ್ರೀ ಮುಚ್ಚಳ ಬಿಚ್ಚಿ, ಸ್ಕ್ರೂನ ತಲೆಗೆ ಕಡ್ಡಿಯಂಥ ಒಂದು ಚಿಕ್ಕ ಸಲಕರಣೆ ಕೂಡಿಸಿ, ಪೆನ್ನಿನಂಥ ಯಂತ್ರವನ್ನು ಅದರ ಹತ್ತಿರ ಹಿಡಿದಳು. ಮುಟ್ಟಿಸಲಿಲ್ಲ. ಯಂತ್ರ ಅಲೆ ಕಳಿಸುತ್ತದೆ, ಕಡ್ಡಿ ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ಎಲುಬು ಗಟ್ಟಿಯಾಗಿ ಹಿಡಿದಿದ್ದರೆ ಆ ನಡುಕವೇ ಬೇರೆ, ಸಡಿಲ ಹಿಡಿದಿದ್ದರೆ ಬೇರೆ. ಅದನ್ನು ಯಂತ್ರ ಒಂದು ಅಂಕಿಯಾಗಿ ಹೇಳುತ್ತದೆ. ಪರೀಕ್ಷೆಯಲ್ಲಿ ನೂರಕ್ಕೆ ಇಷ್ಟು ಅಂದಂತೆ, ಎಂದು ಹಿಂದೆ ವಿವರಿಸಿದ್ದಳು. ಕೀ ಎಂಬ ಸದ್ದಾಯಿತು. ರಾಜಶ್ರೀ ಇನ್ನೊಂದು ಕಡೆಯಿಂದ ಹಿಡಿದಳು. ಮತ್ತೆ ಕೀ. ಅಲಕಾ ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ, ಮಾಸ್ಕಿನ ಮೇಲೆ ಕಾಣುವ ಎರಡು ಕಣ್ಣುಗಳಲ್ಲಿ ಅಂಕಿಯನ್ನು ಓದಲು ನೋಡಿದಳು. ಪಾಸೋ ನಪಾಸೋ ಎಂದು ತನ್ನ ಮುಖದಲ್ಲಿ ಓದಲು ಎಷ್ಟು ಮಕ್ಕಳು ಹೀಗೆ ನೋಡಿಲ್ಲ.

ರಾಜಶ್ರೀ ಕುರ್ಚಿ ನೆಟ್ಟಗೆ ಮಾಡಿ, ಮಾಸ್ಕ್ ಕೆಳಗೆಳೆದಳು. "ಹಾಕಿದ ದಿವಸಾ ಅರವತ್ತರ ಮ್ಯಾಲಿತ್ರಿ. ನಡುವ ಸ್ವಲ್ಪ ಇಳೀತೈತಿ ಅಂತ ಗೊತ್ತಿತ್ತು. ಇಷ್ಟ ಇಳೀಬಾರದು. ಐವತ್ತೂ ಇಲ್ಲ." ಕೈಗವಸಿನ ತುದಿ ಎಳೆದಳು. "ನಂದ ತಪ್ಪ ಅಕ್ಕೋರ. ನಿಮ್ಮ ಎಲುಬಿಗೆ ಅಷ್ಟ ದಪ್ಪಂದು ಹಾಕಬಾರದಿತ್ತು. ಗಲ್ಲದ ಕಡೆ ಗ್ವಾಡಿ ತೆಳ್ಳಗ ಉಳದೈತಿ, ಅದ ಕರಗಾಕತ್ತಿರಬೇಕು. ಒಂದ ಸೈಜ ಸಣ್ಣದ ಹಾಕಿ, ತಡದ ನೋಡಿದ್ರ ನಡೀತಿತ್ತು." ಆಮೇಲೆ ಬಾಗಿಲ ಕಡೆ ತಿರುಗಿ, "ಅನಸವ್ವಾ, ಮುದಕಪ್ಪನವ್ರಿಗೆ ಹೇಳು, ಬೆಳಗಾವಿಗೆ ಚೀಟಿ ಬರದ ಕೊಡತೇನಿ ಅಂತ. ನಾ ಇನ್ನ ಈ ಸ್ಕ್ರೂ ಹಾಕೂ ಕೆಲಸಾ ಮಾಡೂದಿಲ್ಲ," ಎಂದಳು. ಅದೇ ತಗ್ಗಿದ ದನಿ. ಅನಸವ್ವನಿಗೆ ಕೇಳಿಸದೆ ಅವಳು ಬಾಗಿಲಿಗೆ ಬಂದು, "ಏನಂದ್ರಿ?" ಎಂದಳು. ರಾಜಶ್ರೀ ಅದನ್ನೇ ಎರಡನೆಯ ಸಲ ಹೇಳಬೇಕಾಯಿತು.

ಸುಮ್ಮನಿದ್ದರೆ ಆಯಿತು. ಅಲಕಾಳಿಗೆ ಅದು ಬಹಳ ಸ್ಪಷ್ಟವಾಗಿ ಕಂಡಿತು. ಎಲುಬು ಮೆತ್ತಗಿದ್ದದ್ದು ನಿಜ. ಸ್ಕ್ರೂ ದಪ್ಪವಾದದ್ದು ನಿಜ. ಒಂದರ ಪಕ್ಕ ಒಂದು ನಿಜಗಳು ಬಂದು ಅವಳ ಮುಂದೆ ಮರೆ ಕಟ್ಟಿ ನಿಂತಿದ್ದವು, ಅವನ್ನು ತಳ್ಳಿಕೊಂಡು ಮುಂದೆ ಬರುವ ಅಗತ್ಯವೇ ಇರಲಿಲ್ಲ. ತೆಗೆದುಬಿಡು, ನನಗೆ ಹಲ್ಲು ಬೇಡ ಎಂದು ಎದ್ದು ಹೋದರೆ ದೊಡ್ಡ ಮನಸ್ಸಿನ ಅಕ್ಕೋರು ಎಂದೂ ಅನಿಸಿಕೊಳ್ಳಬಹುದು. ಹೊರಗೆ ಮುದಕಪ್ಪ, "ಯಾಕ್ರೀ ಯವ್ವಾ, ಏನಾತ್ರಿ," ಎಂದು ಅನಸವ್ವನನ್ನು ಕೇಳುತ್ತಿದ್ದ. ರಾಜಶ್ರೀ ಸಲಕರಣೆಗಳನ್ನು ತಟ್ಟೆಯಲ್ಲಿ ಒಂದೊಂದಾಗಿ ನೆಟ್ಟಗೆ ಜೋಡಿಸುತ್ತಿದ್ದಳು. ಏಟು ತಿಂದ ಮೇಲೆ ಪಾಟಿ, ಬಳಪ, ಒರೆಸುವ ಬಟ್ಟೆ ಎಲ್ಲವನ್ನೂ ಹೀಗೇ ನೆಟ್ಟಗೆ ಜೋಡಿಸಿಕೊಂಡು ಕೂಡುತ್ತಿತ್ತು ಹುಡುಗಿ, ಅಳುವ ಬದಲು. ಅಲಕಾಳ ನಾಲಿಗೆ ಎಡಕ್ಕೆ ಹೋಯಿತು. ಮುಚ್ಚಳವಿಲ್ಲದ ಸ್ಕ್ರೂನ ತಣ್ಣನೆಯ ಅಂಚು ತಾಗಿತು. ಅವಳಿಗೆ ಅಸಹ್ಯವಾಯಿತು, ಸ್ಕ್ರೂನ ಬಗ್ಗೆ ಅಲ್ಲ.

"ರಾಜೀ, ಎಲುಬಿಂದಲ್ಲ ಅದು," ಎಂದಳು. "ನಾ ಮಶೇರಿ ತಿಕ್ಕತೇನಿ. ದಿನಾ."

ಹೇಳಿದ ಮೇಲೆ ಕೋಣೆ ಮೊದಲಿನಂತೆಯೇ ಇತ್ತು. ಫ್ಯಾನು ತಿರುಗುತ್ತಿತ್ತು. ರಾಜಶ್ರೀ ತಟ್ಟೆಯಿಂದ ತಲೆ ಎತ್ತಲಿಲ್ಲ. "ಗೊತ್ತೈತ್ರಿ," ಎಂದಳು.

"ಗೊತ್ತದ? ಯಾರ ಹೇಳಿದ್ರು?"

"ಯಾರ್ ಹೇಳಬೇಕ್ರಿ. ಮೂರನೇ ಕ್ಲಾಸಿನ್ಯಾಗ ಇದ್ದಾಗಿಂದ ಗೊತ್ತೈತಿ. ನೀವು ನಮ್ಮ ಉಗರ ನೋಡತಿದ್ರಿ. ನಾವು ನಿಮ್ಮ ಉಗರ ನೋಡತಿದ್ವಿ."

ಅಲಕಾಳ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಅಷ್ಟು ವರ್ಷ, ಅಷ್ಟು ಸೋಮವಾರ, ಕೈ ಚಾಚಿ ನಿಂತ ಅಷ್ಟೂ ಮಕ್ಕಳು. ಪಟ್ಟಿ ಹಿಡಿದ ಕೈಯ ತೋರುಬೆರಳು ಅವರ ಕಣ್ಣಿನ ಮಟ್ಟಕ್ಕೇ ಇರುತ್ತಿತ್ತು. ಒಬ್ಬರೂ ನಗಲಿಲ್ಲ. ಊರಿನಲ್ಲಿ ಒಬ್ಬರೂ ಆಡಿಕೊಳ್ಳಲಿಲ್ಲ, ಅಥವಾ ತನ್ನ ಕಿವಿಗೆ ಬೀಳದಂತೆ ಆಡಿಕೊಂಡರು. ಮುಧೋಳದ ಆ ಬಸ್ಸುಗಳು, ಗುರುತಿಲ್ಲದ ಆ ಅಂಗಡಿ, ಆ ಡಬ್ಬಿ, ಎಲ್ಲ ಯಾರಿಗಾಗಿ?

"ಗೊತ್ತಿದ್ದ ಮ್ಯಾಲ ಕೇಳಬೇಕಿತ್ತು," ರಾಜಶ್ರೀ ಹೇಳುತ್ತಿದ್ದಳು. "ತಂಬಾಕ ಇದ್ರ ಎಲುಬು ಲಗೂನ ಕಟ್ಟೂದಿಲ್ಲ. ಬಿಡರಿ ಅಂತ ಹೇಳಬೇಕಿತ್ತು, ಬಿಟ್ಟ ಮ್ಯಾಲ ಹಾಕಬೇಕಿತ್ತು. ಆದ್ರ ನಿಮ್ಮನ್ನ ಹೆಂಗ್ ಕೇಳೂದ್ರಿ? ಅನಸವ್ವ ಕೇಳಾಕ ಹ್ವಾದ್ರ ನಾನ ತಡದೆ. ಕೇಳೂದ ಬ್ಯಾಡ, ಒಂದ ಸೈಜ ದಪ್ಪ ಹಾಕಿಬಿಡೂಣು, ತಂಬಾಕದಿಂದ ಆಗೂ ಕೊರತಿ ಸ್ಕ್ರೂನ ತುಂಬಲಿ ಅನಕೊಂಡೆ. ಎಲುಬು ನೋಡಿ ಸೈಜ ಆರಿಸಲಿಲ್ರಿ ನಾ. ನಿಮಗ ಹೆದರಿ ಆರಿಸಿದೆ. ಅದಕ್ಕ ತಪ್ಪು ನಂದು ಅಂದೆ."

ಅಂದರೆ ಈ ಹುಡುಗಿಯ ಕೈ ತಪ್ಪಿದ್ದಲ್ಲ. ಆ ಕೈಯ ಗೆಣ್ಣಿನ ಮೇಲೆ ಫೂಟುಪಟ್ಟಿ ಇನ್ನೂ ಇತ್ತು. ಅಲಕಾಳಿಗೆ ಅಳು ಬರಬೇಕಿತ್ತು. ಬಂದದ್ದು ಉಳಿದ ಇನ್ನೊಂದು ಮಾತು. "ಬರೇ ತಿಕ್ಕೂದಲ್ಲ. ಬೆರಳಲೆ ಒತ್ತಿ ನೋಡತೇನಿ. ಕೂತದೋ ಇಲ್ಲೋ ಅಂತ. ದಿನಾ."

"ಒತ್ತಿ ನೋಡತೀರಿ?"

ಅದು ತಗ್ಗಿದ ದನಿಯಾಗಿರಲಿಲ್ಲ. ನಾಲ್ಕು ಮಗ್ಗಗಳ ಸದ್ದಿನ ಆಚೆಗೆ ಇರುವ ತಾಯಿಗೆ ಕೇಳಿಸಬೇಕಾದ ದನಿ. ಹೊರಗೆ ಮುದಕಪ್ಪ ಮಾತು ನಿಲ್ಲಿಸಿದ. ರಾಜಶ್ರೀ ಎದ್ದು, ಕುರ್ಚಿಯನ್ನು ಮತ್ತೆ ಬಾಗಿಸಿ, ಎರಡು ಸಲಕರಣೆಗಳ ಹಿಡಿಗಳ ನಡುವೆ ಸ್ಕ್ರೂನ ತಲೆ ಸಿಕ್ಕಿಸಿ ಅತ್ತ ಇತ್ತ ಮೆಲ್ಲಗೆ ನೂಕಿ ನೋಡಿದಳು. ಬಹಳ ಹೊತ್ತು ನೋಡಿದಳು. "ಅಲಗಾಡವಲ್ತು," ಎಂದಳು ಕೊನೆಗೆ. "ಸೋತೈತಿ ಖರೆ, ಬಿಟ್ಟಿಲ್ಲ. ಇನ್ನೂ ಮೂರ ತಿಂಗಳ ಯಾರೂ ಅದರ ತಂಟೇಕ ಹೋಗದಿದ್ರ ಎಲುಬು ಹಿಡದರೂ ಹಿಡೀಬಹುದು. ಹಿಡದಿದ್ರ ತಗದು ಸಣ್ಣದ ಹಾಕತೇನಿ." ಹಾಕತೇನಿ ಎಂದದ್ದು ಅವಳಿಗೇ ಕೇಳಿಸಿತೆಂದು ತೋರುತ್ತದೆ. ಮುಚ್ಚಳ ತಿರುಗಿಸಿ ಕೂಡಿಸುತ್ತ ಬಾಗಿಲ ಕಡೆಗೆ ಕೂಗಿದಳು, "ಅನಸವ್ವಾ, ಮುದಕಪ್ಪನವ್ರನ್ನ ಕೂಡ್ರಸು, ಹೋಗಗೊಡಬ್ಯಾಡ. ಆದ್ರ ಮೊದಲ ಎಲ್ಲಾ ಕೇಳು. ಒಂದೂ ಬಿಡಬ್ಯಾಡ." ಆಮೇಲೆ ಬಾಗಿಲು ಹಾಕದೆಯೇ ಬಂದು, ಎದುರಿನ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕುಳಿತಳು.

"ಅಕ್ಕೋರ, ತಂಬಾಕ ತಗೋತೀರೇನ್ರಿ?"

ಹೊರಗಿನವರಿಗೆಲ್ಲ ಕೇಳುವಂತೆ ಕೇಳಿದ್ದಳು. ಒದರಬ್ಯಾಡ ಎಂಬ ಮಾತು ಅಲಕಾಳ ಗಂಟಲಿನವರೆಗೆ ಬಂತು. ಅದನ್ನು ನುಂಗಿಕೊಂಡಳು.

"ಹೂಂ. ತಗೋತೇನಿ."

"ಕೈ ತೋರಸ್ರಿ."

ಅಲಕಾ ಮುಷ್ಟಿ ಬಿಚ್ಚಿ ಬಲಗೈ ಚಾಚಿದಳು, ಉಗುರು ಮೇಲೆ ಮಾಡಿ. ತೋರುಬೆರಳಿನ ಉಗುರಿನ ಮೂಲೆಯಲ್ಲಿ ಕಪ್ಪು ಗೆರೆಯಿತ್ತು; ಬೆಳಿಗ್ಗೆ ಸಾಬೂನು ಹಚ್ಚಿ ತಿಕ್ಕಿದ್ದಳು, ಹೋಗಿರಲಿಲ್ಲ. ಇಲ್ಲಿಯವರೆಗೆ ಯಾರ ಮುಂದೆಯೂ ಹೀಗೆ ಚಾಚಿರದ ಕೈ, ಏನಾಗುತ್ತದೋ ನೋಡೋಣ ಎನ್ನುವಂತೆ ಹಿಂದೆ ಸರಿಯದೆ ಅಲ್ಲೇ ಇತ್ತು. ರಾಜಶ್ರೀ ತಟ್ಟೆಯಿಂದ ಬಾಯಿ ನೋಡುವ ಕನ್ನಡಿ ಎತ್ತಿಕೊಂಡು, ಅದನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಅವಳ ಗೆಣ್ಣಿನ ಮೇಲೆ ನೋಯದ ಹಾಗೆ ಒಮ್ಮೆ ತಟ್ಟಿದಳು.

"ಇನ್ನೊಂದ ಕೈ," ಎಂದಳು.